ತೀವ್ರ ಖಿನ್ನತೆಯ ಶುಶ್ರೂಷೆ: ಹೊತ್ತನ್ನು ಬಲ್ಲ ಆರೈಕೆ

ಇವತ್ತಿನ ಉಪನ್ಯಾಸಕ್ಕೆ ಗೊತ್ತುಪಡಿಸಿರುವ ವಿಷಯ ತೀವ್ರ ಖಿನ್ನತೆಯಿಂದ ಬಳಲುವ ರೋಗಿಗಳ ಶುಶ್ರೂಷೆ. ಸಭೆಯಲ್ಲಿ ಶುಶ್ರೂಷಾ ವಿದ್ಯಾರ್ಥಿಗಳಿದ್ದೀರಿ, ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿದ್ದೀರಿ, ಮನೆಯಲ್ಲಿಯೇ ಇಂಥ ರೋಗಿಯನ್ನು ನೋಡಿಕೊಳ್ಳುತ್ತಿರುವವರೂ ಇದ್ದೀರಿ. ಹಾಗಾಗಿ ಪಠ್ಯಪುಸ್ತಕದ ಕ್ರಮವನ್ನು ಬದಿಗಿಟ್ಟು, ಈ ಕಾಯಿಲೆ ಒಂದು ದಿನದೊಳಗೆ ಮತ್ತು ವಾರದಿಂದ ವಾರಕ್ಕೆ ಹೇಗೆ ಸಾಗುತ್ತದೆ ಎಂಬುದನ್ನೇ ಎಳೆಯಾಗಿ ಹಿಡಿದು ಮಾತನಾಡುತ್ತೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಖಿನ್ನತೆಯಲ್ಲಿ ಅಪಾಯ ಹೆಚ್ಚಿರುವ ಹೊತ್ತು ಯಾವುದು, ನೆರವು ಫಲಿಸುವ ಹೊತ್ತು ಯಾವುದು ಎಂಬುದು ಮೇಲ್ನೋಟಕ್ಕೆ ತೋರುವಂತೆ ಇರುವುದಿಲ್ಲ. ಅದನ್ನು ಗುರುತಿಸುವ ಅವಕಾಶವಿರುವುದು ಇಪ್ಪತ್ತನಾಲ್ಕು ಗಂಟೆಯೂ ಪಾಳಿಯ ಮೇಲೆ ರೋಗಿಯ ಬಳಿ ಇರುವ ಶುಶ್ರೂಷಕರಿಗೆ ಮಾತ್ರ.

ಮೊದಲು ಕಾಯಿಲೆಯ ಸ್ವರೂಪವನ್ನು ನೋಡೋಣ. ತೀವ್ರ ಖಿನ್ನತೆ ಎಂದು ನಿರ್ಣಯಿಸಲು ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಕನಿಷ್ಠ ಎರಡು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಇರಬೇಕು. ಆ ಐದರಲ್ಲಿ ಒಂದು, ಕುಗ್ಗಿದ ಮನಸ್ಥಿತಿಯೋ ಅಥವಾ ಯಾವುದರಲ್ಲೂ ಆಸಕ್ತಿ ಮತ್ತು ಸಂತೋಷ ಉಳಿಯದಿರುವುದೋ ಆಗಿರಲೇಬೇಕು. ಉಳಿದವು ಹಸಿವು ಮತ್ತು ತೂಕದ ಏರುಪೇರು, ನಿದ್ರೆಯ ಏರುಪೇರು, ನಡೆನುಡಿ ನಿಧಾನವಾಗುವುದು ಇಲ್ಲವೇ ಚಡಪಡಿಕೆ, ದಣಿವು, ತಾನು ಯಾವುದಕ್ಕೂ ಬಾರದವನೆಂಬ ಭಾವ ಅಥವಾ ಅತಿಯಾದ ಪಾಪಪ್ರಜ್ಞೆ, ಗಮನ ನಿಲ್ಲದಿರುವುದು, ಮತ್ತೆ ಮತ್ತೆ ಬರುವ ಸಾವಿನ ಆಲೋಚನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 33 ಕೋಟಿ ಜನರಿಗೆ ಖಿನ್ನತೆಯಿದೆ, ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಎಲ್ಲ ಆತ್ಮಹತ್ಯೆಗೂ ಖಿನ್ನತೆಯೇ ಕಾರಣವಲ್ಲ, ಖಿನ್ನತೆಯುಳ್ಳ ಬಹುಪಾಲು ಜನ ಆತ್ಮಹತ್ಯೆ ಮಾಡಿಕೊಳ್ಳುವುದೂ ಇಲ್ಲ. ಆದರೂ ಈ ಎರಡು ಸಂಖ್ಯೆಗಳ ನಡುವಿನ ನಂಟನ್ನು ಮರೆತು ಶುಶ್ರೂಷೆ ಮಾಡಲಾಗದು.

ಒಂಬತ್ತು ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ, ಆದರೆ ಈ ಲಕ್ಷಣಗಳಿಗೆ ಗಡಿಯಾರದ ಲೆಕ್ಕವೊಂದಿದೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ತೀವ್ರ ಸ್ವರೂಪದ ಖಿನ್ನತೆಯಲ್ಲಿ ಅನೇಕ ರೋಗಿಗಳು ಎಂದಿಗಿಂತ ಎರಡು ಗಂಟೆಯಾದರೂ ಮೊದಲೇ, ನಸುಕಿಗೂ ಮುಂಚೆ ಎಚ್ಚರಗೊಳ್ಳುತ್ತಾರೆ. ಮತ್ತೆ ನಿದ್ರೆ ಬಾರದು. ಮನಸ್ಸು ಅತ್ಯಂತ ಭಾರವಾಗಿರುವುದು ಆ ಹೊತ್ತಿನಲ್ಲಿ. ಹೊತ್ತೇರಿದಂತೆ ತುಸು ಹಗುರವಾಗಿ, ಸಂಜೆಯ ವೇಳೆಗೆ ನಾಲ್ಕು ಮಾತನಾಡುವಷ್ಟು ಗೆಲುವು ಕಾಣುತ್ತದೆ. ವೈದ್ಯರ ಭೇಟಿ ಬೆಳಿಗ್ಗೆ ಹತ್ತರ ಸುಮಾರಿಗೆ, ಬಂಧುಗಳು ಬರುವುದು ಸಂಜೆ. ಸಂಜೆ ನೋಡಿದವರು "ಚೆನ್ನಾಗಿಯೇ ಇದ್ದಾರಲ್ಲ, ಮನಸ್ಸು ಮಾಡಿದರೆ ಆಗುತ್ತದೆ" ಎಂದುಕೊಂಡು ಹೋಗುತ್ತಾರೆ. ನಸುಕಿನ ನಾಲ್ಕು ಗಂಟೆಯ ರೋಗಿಯನ್ನು ಕಂಡವರು ರಾತ್ರಿ ಪಾಳಿಯ ನರ್ಸ್ ಒಬ್ಬರೇ. ಹಾಗಾಗಿ ರಾತ್ರಿ ಪಾಳಿಯವರು "ನಿದ್ರೆ ಮಾಡಿದರು" ಎಂದೊಂದು ಪದ ಬರೆದು ಮುಗಿಸದೆ, ಎಷ್ಟು ಹೊತ್ತಿಗೆ ಮಲಗಿದರು, ಎಷ್ಟಕ್ಕೆ ಎಚ್ಚರವಾಯಿತು, ಎಚ್ಚರವಾದ ಮೇಲೆ ಏನು ಮಾಡುತ್ತಿದ್ದರು ಎಂದು ಬರೆದರೆ ಅದು ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲ ಮಾಹಿತಿಯಾಗುತ್ತದೆ. ಸ್ನಾನ, ತಪಾಸಣೆ, ಗುಂಪು ಚಟುವಟಿಕೆ, ಹೊಸ ವಿಷಯದ ತಿಳಿವಳಿಕೆ ಎಲ್ಲವನ್ನೂ ಬೆಳಗಿನ ಒಂದೆರಡು ಗಂಟೆಗಳಲ್ಲಿ ತುರುಕುವ ನಮ್ಮ ವಾರ್ಡುಗಳ ದಿನಚರಿ ಈ ರೋಗಿಗಳಿಗೆ ಒಗ್ಗುವಂಥದ್ದಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಹೆಚ್ಚು ಶ್ರಮ ಬೇಡುವ ಕೆಲಸವನ್ನು ಮಧ್ಯಾಹ್ನದ ನಂತರಕ್ಕೆ ಸರಿಸಿದರೆ ರೋಗಿಗೂ ಅನುಕೂಲ, ನಮಗೂ ಅನುಕೂಲ.

ಸ್ಥಿತಿಯನ್ನು ಅಳೆಯಲು ಪ್ರಶ್ನಾವಳಿಗಳಿವೆ. ಹ್ಯಾಮಿಲ್ಟನ್ ಮಾಪಕ 1960ರಿಂದಲೂ ಬಳಕೆಯಲ್ಲಿದೆ. ಇವತ್ತು ಹೆಚ್ಚಾಗಿ ಕಾಣುವುದು 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಮೊತ್ತ 10 ಅಥವಾ ಹೆಚ್ಚಾದರೆ ವಿವರವಾದ ಪರೀಕ್ಷೆ ಬೇಕು, 20 ಅಥವಾ ಹೆಚ್ಚಾದರೆ ಲಕ್ಷಣಗಳು ತೀವ್ರ ಮಟ್ಟದವು. ಆದರೆ ಮೊತ್ತವನ್ನಷ್ಟೇ ನೋಡುವ ಅಭ್ಯಾಸ ಒಳ್ಳೆಯದಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ ಮತ್ತು ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯ ಕುರಿತಾದದ್ದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಆಗಲೇ ಕುಳಿತು ಮುಂದಿನ ಪ್ರಶ್ನೆಗಳನ್ನು ಕೇಳಬೇಕು. ಮಂದಗೊಂಡ ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಸ್ಟೀರಾಯ್ಡಿನಂಥ ಔಷಧಗಳು, ಪಾರ್ಶ್ವವಾಯು ಇವೆಲ್ಲ ಖಿನ್ನತೆಯ ರೂಪದಲ್ಲಿಯೇ ಕಾಣಿಸಿಕೊಳ್ಳಬಲ್ಲವು. ರೋಗಿ ಮನೆಯಿಂದ ತಂದ ಮಾತ್ರೆಗಳ ಚೀಲವನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸ ಸಾಮಾನ್ಯವಾಗಿ ನಮ್ಮದೇ ಆಗಿರುವುದರಿಂದ ಇದನ್ನು ನೆನಪಿಸುತ್ತಿದ್ದೇನೆ.

ಇನ್ನು ಮಾತಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ತರಬೇತಿಯಲ್ಲಿ ಇದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಶುಶ್ರೂಷಕ–ರೋಗಿಯ ಸಂಬಂಧವೇ ಚಿಕಿತ್ಸೆಯ ಭಾಗ ಎಂದು ಅಮೆರಿಕದ ಶುಶ್ರೂಷಾ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿಯೇ ವಾದಿಸಿದರು. ಖಿನ್ನತೆಯ ವಾರ್ಡಿನಲ್ಲಿ ಆ ವಾದಕ್ಕೆ ಬರುವ ಮೊದಲ ಪರೀಕ್ಷೆ ಮೌನ. ರೋಗಿಯ ಆಲೋಚನೆಯ ವೇಗವೇ ಕುಂದಿರುತ್ತದೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರಲು ಅರ್ಧ ನಿಮಿಷ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟರೊಳಗೆ ನಾವು ಎರಡನೆಯ ಪ್ರಶ್ನೆ ಎಸೆದಿರುತ್ತೇವೆ ಅಥವಾ ಅವರ ಉತ್ತರವನ್ನು ನಾವೇ ಹೇಳಿ ಮುಗಿಸಿರುತ್ತೇವೆ. ಚಿಕ್ಕ ವಾಕ್ಯದಲ್ಲಿ ಒಂದೇ ಪ್ರಶ್ನೆ ಕೇಳಿ, ಕಾಯುವುದು ಕಲಿಯಬೇಕಾದ ಕೌಶಲ. "ಇನ್ನು ಹತ್ತು ನಿಮಿಷ ನಾನು ಇಲ್ಲಿಯೇ ಕೂತಿರುತ್ತೇನೆ. ನೀವು ಮಾತನಾಡಲೇಬೇಕೆಂದೇನಿಲ್ಲ" ಎಂದು ಹೇಳಿ, ಹೇಳಿದಂತೆ ಹತ್ತು ನಿಮಿಷ ಕೂರಬೇಕು. ಸಂಜೆ ಐದಕ್ಕೆ ಬರುತ್ತೇನೆ ಎಂದರೆ ಐದಕ್ಕೇ ಬರಬೇಕು, ಬರಲಾಗದಿದ್ದರೆ ಯಾರ ಮೂಲಕವಾದರೂ ತಿಳಿಸಬೇಕು. ತಾನು ಯಾರಿಗೂ ಬೇಡವಾದವನೆಂದು ನಂಬಿಕೊಂಡಿರುವ ವ್ಯಕ್ತಿಗೆ, ತಪ್ಪಿಹೋದ ಒಂದು ಭೇಟಿ ಆ ನಂಬಿಕೆಗೆ ಸಿಕ್ಕ ಸಾಕ್ಷಿಯಾಗುತ್ತದೆ.

ಆಡಬಾರದ ಮಾತುಗಳು ಬಹುತೇಕ ಒಳ್ಳೆಯ ಉದ್ದೇಶದಿಂದಲೇ ಹುಟ್ಟುತ್ತವೆ. "ನಿಮಗೇನು ಕಡಿಮೆಯಾಗಿದೆ?", "ನಿಮಗಿಂತ ಕಷ್ಟದಲ್ಲಿರುವವರನ್ನು ನೋಡಿ", "ಧೈರ್ಯ ತಂದುಕೊಳ್ಳಿ" ಎಂಬ ಮಾತುಗಳು ಖಿನ್ನತೆಯಲ್ಲಿರುವವರ ಕಿವಿಗೆ ಆರೋಪಗಳಾಗಿ ತಲುಪುತ್ತವೆ, ಏಕೆಂದರೆ ಇದೇ ಮಾತುಗಳನ್ನು ಅವರು ತಮಗೆ ತಾವೇ ಸಾವಿರ ಸಲ ಹೇಳಿಕೊಂಡಿರುತ್ತಾರೆ. ಅತಿಯಾದ ಲವಲವಿಕೆಯ ದನಿಯೂ ಅಷ್ಟೇ ದೂರ ಮಾಡುತ್ತದೆ. ರೋಗಿಗೆ ದೊಡ್ಡ ಪಾಪ ಮಾಡಿದ್ದೇನೆಂಬ, ಒಳಗಿನ ಅಂಗಗಳೆಲ್ಲ ಕೊಳೆತಿವೆಯೆಂಬ ಭ್ರಮೆಗಳಿದ್ದರೆ ವಾದಕ್ಕಿಳಿಯಬಾರದು, ಹೌದೆಂದೂ ಹೇಳಬಾರದು. "ನಿಮಗೆ ಹಾಗೆ ಅನಿಸುತ್ತಿರುವುದು ಎಷ್ಟು ಹಿಂಸೆಯೆಂದು ಕಾಣುತ್ತಿದೆ. ನನಗೆ ಹಾಗೆ ತೋರುತ್ತಿಲ್ಲ" ಎಂದಷ್ಟೇ ಹೇಳಿ, ಕಣ್ಣೆದುರಿಗಿರುವ ಕೆಲಸಕ್ಕೆ ಮಾತನ್ನು ತಿರುಗಿಸುವುದು ಲೇಸು. ಇಂಥ ಭ್ರಮೆಗಳೊಡನೆ ಬರುವ ಖಿನ್ನತೆಯಲ್ಲಿ ಆತ್ಮಹತ್ಯೆಯ ಅಪಾಯವೂ ಹೆಚ್ಚು. ಆದ್ದರಿಂದ ಹೊಸದಾಗಿ ಕೇಳಿದ ಭ್ರಮೆಯ ಮಾತನ್ನು ಅದೇ ಪಾಳಿಯಲ್ಲಿ ವೈದ್ಯರಿಗೆ ತಿಳಿಸಬೇಕು.

ದೇಹದ ಆರೈಕೆಯನ್ನು ಕೆಲವರು ಮಾನಸಿಕ ಶುಶ್ರೂಷೆಯ ಕೆಳದರ್ಜೆಯ ಭಾಗವೆಂದು ಎಣಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಸಿವೇ ಇಲ್ಲದವರ ಮುಂದೆ ತುಂಬಿದ ತಟ್ಟೆಯನ್ನಿಟ್ಟು ಹೋದರೆ ಅದು ಹಾಗೆಯೇ ಹಿಂದಿರುಗುತ್ತದೆ. ಸ್ವಲ್ಪಸ್ವಲ್ಪವಾಗಿ, ಹೆಚ್ಚು ಸಲ, ಪಕ್ಕದಲ್ಲಿ ಕುಳಿತು ಕೊಡಬೇಕು. ಎಷ್ಟು ತಿಂದರು, ಎಷ್ಟು ನೀರು ಕುಡಿದರು ಎಂಬುದನ್ನು ಅಂದಾಜಿನಲ್ಲಿ ಅಲ್ಲದೆ ಅಳತೆಯಲ್ಲಿ ಬರೆಯಬೇಕು, ವಾರಕ್ಕೊಮ್ಮೆಯಾದರೂ ತೂಕ ನೋಡಬೇಕು. ಮಲಬದ್ಧತೆ ಕಾಯಿಲೆಯಿಂದಲೂ ಬರುತ್ತದೆ, ಔಷಧದಿಂದಲೂ ಬರುತ್ತದೆ, ರೋಗಿ ತಾನಾಗಿ ಹೇಳುವುದಿಲ್ಲ. ಮಾತು ಮತ್ತು ಚಲನೆ ಪೂರ್ತಿ ನಿಂತ ಸ್ಥಿತಿಗೆ ಹೋದವರಲ್ಲಿ ನೀರಿನ ಕೊರತೆ, ಒತ್ತಡದ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು ಇವೆಲ್ಲ ಪ್ರಾಣಕ್ಕೆ ಎರವಾಗಬಲ್ಲವು. ಆ ಹಂತದಲ್ಲಿ ಮನೋರೋಗದ ವಾರ್ಡಿಗೂ ತೀವ್ರ ನಿಗಾ ಘಟಕಕ್ಕೂ ಕೆಲಸದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ಸ್ನಾನ, ಬಟ್ಟೆ, ತಲೆ ಬಾಚುವುದು ಇವುಗಳಲ್ಲಿ ಎಷ್ಟನ್ನು ನಾವು ಮಾಡಬೇಕು, ಎಷ್ಟನ್ನು ರೋಗಿಗೆ ಬಿಡಬೇಕು ಎಂಬುದು ದಿನದಿನವೂ ಹೊಸದಾಗಿ ತೀರ್ಮಾನಿಸಬೇಕಾದ ಸಂಗತಿ. ಎಲ್ಲವನ್ನೂ ನಾವೇ ಮಾಡಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಅದರ ಜೊತೆಗೆ ತನ್ನಿಂದ ಏನೂ ಆಗದೆಂಬ ರೋಗಿಯ ಎಣಿಕೆ ಗಟ್ಟಿಯಾಗುತ್ತದೆ. "ಯಾವ ಅಂಗಿ ಹಾಕಿಕೊಳ್ಳುತ್ತೀರಿ?" ಎಂಬ ತೆರೆದ ಪ್ರಶ್ನೆಯೂ ತೀವ್ರ ಖಿನ್ನತೆಯಲ್ಲಿ ಹೊರಲಾರದ ಹೊರೆ. ಎರಡು ಅಂಗಿಗಳನ್ನು ಎದುರಿಗಿಟ್ಟು ಒಂದನ್ನು ತೋರಿಸಲು ಹೇಳುವುದು ಆ ದಿನಕ್ಕೆ ಸಾಕಷ್ಟು ದೊಡ್ಡ ಕೆಲಸ. ಇದೇ ತತ್ತ್ವವನ್ನು ಕ್ರಮವಾಗಿ ಬೆಳೆಸಿದಾಗ ಅದು ಚಟುವಟಿಕೆಯ ಮೂಲಕ ಮನಸ್ಸನ್ನು ಎತ್ತುವ ಚಿಕಿತ್ಸೆಯಾಗುತ್ತದೆ. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯುವ ಬದಲು, ಮನಸ್ಸಿಲ್ಲದಿದ್ದರೂ ನಿಗದಿಯಾದ ಹೊತ್ತಿಗೆ ನಿಗದಿಯಾದ ಚಿಕ್ಕ ಕೆಲಸವನ್ನು ಮಾಡುವುದು, ಮಾಡಿದ ಮೇಲೆ ಹೇಗನಿಸಿತೆಂದು ಗುರುತು ಹಾಕಿಕೊಳ್ಳುವುದು ಅದರ ತಿರುಳು. ಇದಕ್ಕೆ ದೊಡ್ಡ ಪರಿಕರಗಳು ಬೇಡ, ತರಬೇತಿ ಪಡೆದ ನರ್ಸ್ ಇದನ್ನು ನಡೆಸಬಲ್ಲರು.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಇನ್ನೂ ಬಲವಾಗಿದೆ. ಈ ಭಯಕ್ಕೆ ಆಧಾರವಿಲ್ಲವೆಂದು ಈವರೆಗಿನ ಸಂಶೋಧನೆ ತೋರಿಸಿದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಅನೇಕರಿಗೆ ಅದರಿಂದ ಎದೆಯ ಭಾರ ಇಳಿಯುತ್ತದೆ. ಕೇಳುವಾಗ ಸುತ್ತುಬಳಸು ಬೇಡ. "ಬದುಕಿರುವುದೇ ಬೇಡ ಎಂದು ಅನಿಸುತ್ತಿದೆಯೇ?" ಎಂದು ಆರಂಭಿಸಿ, ಹೌದೆಂದರೆ "ಆತ್ಮಹತ್ಯೆ ಮಾಡಿಕೊಳ್ಳಬೇಕೆಂಬ ಯೋಚನೆ ಬಂದಿದೆಯೇ? ಹೇಗೆ ಎಂದು ಯೋಚಿಸಿದ್ದೀರಾ? ಅದಕ್ಕಾಗಿ ಏನನ್ನಾದರೂ ಸಿದ್ಧಪಡಿಸಿಕೊಂಡಿದ್ದೀರಾ? ಇವತ್ತು ಆ ಯೋಚನೆ ಎಷ್ಟು ಬಲವಾಗಿದೆ?" ಎಂದು ಸ್ಪಷ್ಟ ಪದಗಳಲ್ಲಿ ಮುಂದುವರಿಯಬೇಕು. "ಅಂಥದ್ದೇನೂ ಯೋಚನೆ ಇಲ್ಲ ಅಲ್ಲವೇ?" ಎಂದು ಕೇಳುವುದು ಪ್ರಶ್ನೆಯೇ ಅಲ್ಲ. ಇಲ್ಲವೆಂದು ಹೇಳಿ ನನ್ನನ್ನು ಬಿಡುಗಡೆ ಮಾಡಿ ಎಂಬ ಬೇಡಿಕೆ ಅದು, ರೋಗಿ ಬಹಳ ಸಲ ಆ ಬೇಡಿಕೆಯನ್ನು ಈಡೇರಿಸುತ್ತಾರೆ. "ಯಾರಿಗೂ ಹೇಳಬೇಡಿ ಸಿಸ್ಟರ್" ಎಂದು ಮಾತು ತೆಗೆದರೆ, ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ ವಿಷಯವನ್ನು ಗುಟ್ಟಾಗಿ ಇಡಲಾರೆ, ತಂಡದವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿಬಿಡುವುದು ಪ್ರಾಮಾಣಿಕ ದಾರಿ.

ಹಿಂದೆ ಕೆಲವೆಡೆ "ನಾನು ಹಾಗೆ ಮಾಡಿಕೊಳ್ಳುವುದಿಲ್ಲ" ಎಂದು ರೋಗಿಯಿಂದ ಬರೆಸಿಕೊಳ್ಳುವ ಪದ್ಧತಿ ಇತ್ತು. ಅದು ಆತ್ಮಹತ್ಯೆಯನ್ನು ತಡೆಯುತ್ತದೆ ಎನ್ನಲು ಪುರಾವೆಯಿಲ್ಲ, ಸಿಬ್ಬಂದಿಗೆ ಸುಳ್ಳು ಸಮಾಧಾನ ಕೊಡುತ್ತದೆ ಅಷ್ಟೆ. ಅದರ ಬದಲಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಈಗ ಹೆಚ್ಚು ಬಳಕೆಯಲ್ಲಿದೆ. ಬಿಕ್ಕಟ್ಟು ಹತ್ತಿರವಾಗುತ್ತಿರುವುದರ ಸ್ವಂತ ಸೂಚನೆಗಳು ಯಾವುವು, ಒಬ್ಬರೇ ಇರುವಾಗ ಮನಸ್ಸನ್ನು ಬೇರೆಡೆ ತಿರುಗಿಸಲು ಏನು ಮಾಡಬಹುದು, ಯಾವ ಜನರ ನಡುವೆ, ಯಾವ ಜಾಗದಲ್ಲಿ ಮನಸ್ಸು ತುಸು ತಿಳಿಯಾಗುತ್ತದೆ, ನೆರವು ಕೇಳಲು ಯಾರನ್ನು ಕರೆಯಬಹುದು, ಯಾವ ವೈದ್ಯರನ್ನು ಅಥವಾ ಸಹಾಯವಾಣಿಯನ್ನು ಸಂಪರ್ಕಿಸಬೇಕು, ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಯಾರು ದೂರ ಮಾಡುತ್ತಾರೆ ಎಂಬ ಆರು ವಿಷಯಗಳನ್ನು ರೋಗಿಯ ಮಾತಿನಲ್ಲಿಯೇ, ಅವರ ಜೊತೆ ಕುಳಿತು ಬರೆಯಬೇಕು. ನಮ್ಮ ಅಕ್ಷರದಲ್ಲಿ, ನಮ್ಮ ಭಾಷೆಯಲ್ಲಿ ತುಂಬಿಸಿಕೊಟ್ಟ ಹಾಳೆ ಬಿಕ್ಕಟ್ಟಿನ ಹೊತ್ತಿನಲ್ಲಿ ಅವರ ನೆನಪಿಗೆ ಬರಲಾರದು.

ವಾರ್ಡಿನೊಳಗಿನ ನಿಗಾ ಎರಡು ಬಗೆಯದು. ಅಪಾಯ ಬಹಳ ಹೆಚ್ಚಿದ್ದಾಗ ಕೈಗೆಟುಕುವ ದೂರದಲ್ಲಿ ಸದಾ ಒಬ್ಬರಿರಬೇಕು, ಶೌಚಾಲಯದ ಹೊತ್ತೂ ಇದರಲ್ಲಿ ಸೇರುತ್ತದೆ. ಅಪಾಯ ಕಡಿಮೆಯಿದ್ದಾಗ ಆಗಾಗ್ಗೆ ಹೋಗಿ ನೋಡುವುದು. ಹದಿನೈದು ನಿಮಿಷಕ್ಕೊಮ್ಮೆ ಎಂದು ಆದೇಶವಿದ್ದರೆ ಸರಿಯಾಗಿ ಹದಿನೈದಕ್ಕೇ ಹೋಗಬಾರದು. ಅಷ್ಟರೊಳಗೆ, ಊಹಿಸಲಾಗದ ಅಂತರಗಳಲ್ಲಿ ಹೋಗಬೇಕು. ಪಾಳಿ ಬದಲಾಗುವ ಹೊತ್ತು, ಊಟದ ಹೊತ್ತು, ಸಿಬ್ಬಂದಿ ಕಡಿಮೆಯಿರುವ ನಸುಕು ಇವು ನಿಗಾ ಸಡಿಲವಾಗುವ ಸಮಯಗಳು. ಮಾತ್ರೆ ಕೊಟ್ಟಾಗ ನುಂಗಿದ್ದನ್ನು ಖಚಿತಪಡಿಸಿಕೊಳ್ಳಬೇಕು, ಬಾಯಿಯಲ್ಲಿಟ್ಟುಕೊಂಡು ಆಮೇಲೆ ಕೂಡಿಡುವ ಸಾಧ್ಯತೆ ಇರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಬಾಗಿಲಲ್ಲಿ ಇಣುಕಿ ಹಾಳೆಯಲ್ಲಿ ಗುರುತು ಹಾಕಿ ಹೋಗುವುದನ್ನು ನಿಗಾ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಾವಲಿನಲ್ಲಿಟ್ಟಂತೆ ನೋಡಲ್ಪಡುವುದು ರೋಗಿಗೆ ಅವಮಾನವಾಗಿ ತೋರಬಹುದು, ಅದೇ ಹೊತ್ತನ್ನು ನಾಲ್ಕು ಮಾತಿಗೆ ಬಳಸಿದರೆ ನಿಗಾ ಮತ್ತು ಆರೈಕೆ ಒಂದೇ ಆಗುತ್ತವೆ.

ಔಷಧಗಳ ವರ್ಗೀಕರಣವನ್ನು ಇಲ್ಲಿ ಬಿಡಿಸುವುದಿಲ್ಲ, ಅದು ಪುಸ್ತಕಗಳಲ್ಲಿ ಸಿಗುತ್ತದೆ. ಇಂದು ಸಾಮಾನ್ಯವಾಗಿ ಮೊದಲು ಕೊಡುವುದು ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ಮರುಹೀರಿಕೆಯನ್ನು ತಡೆಯುವ ಗುಂಪಿನವು. ಫ್ಲುಓಕ್ಸೆಟಿನ್ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ ಈ ಗುಂಪು ಬೆಳೆಯಿತು. ಶುಶ್ರೂಷೆಯ ದೃಷ್ಟಿಯಿಂದ ಮುಖ್ಯವಾದದ್ದು, ಈ ಔಷಧಗಳ ಅಡ್ಡ ಪರಿಣಾಮ ಮೊದಲ ದಿನದಿಂದಲೇ ಬರಬಹುದು, ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲಕ್ಕೆ ಆರೆಂಟು ವಾರವೂ ಬೇಕಾಗಬಹುದು. ವಾಕರಿಕೆ, ತಲೆನೋವು, ಚಡಪಡಿಕೆ, ನಿದ್ರೆಗೇಡು ಇವುಗಳನ್ನು ಮಾತ್ರ ಅನುಭವಿಸುತ್ತ ಲಾಭ ಕಾಣದ ಮೊದಲ ಎರಡು ವಾರಗಳಲ್ಲಿಯೇ ಅನೇಕರು ಔಷಧ ಬಿಡುತ್ತಾರೆ. ಇದನ್ನು ಮುಂಚಿತವಾಗಿ, ದಿನಗಳ ಲೆಕ್ಕದೊಂದಿಗೆ ಹೇಳಿದ್ದರೆ ಬಿಡುವವರ ಸಂಖ್ಯೆ ಕಡಿಮೆಯಾಗುತ್ತದೆ. ಲೈಂಗಿಕ ತೊಂದರೆಗಳನ್ನು ರೋಗಿ ಕೇಳದಿದ್ದರೂ ನಾವೇ ಪ್ರಸ್ತಾಪಿಸುವುದು ಒಳ್ಳೆಯದು, ಔಷಧ ಬಿಡಲು ಅದು ದೊಡ್ಡ ಕಾರಣ, ಯಾರೂ ಬಾಯಿ ಬಿಡದ ಕಾರಣ. ವಯಸ್ಸಾದವರಲ್ಲಿ ಹೊಸದಾಗಿ ಗೊಂದಲ, ತೂಕಡಿಕೆ ಕಂಡರೆ ರಕ್ತದ ಸೋಡಿಯಂ ಇಳಿದಿದೆಯೇ ಎಂದು ನೋಡಿಸಬೇಕು. ಜ್ವರ, ಬೆವರು, ನಡುಕ, ಸ್ನಾಯುಗಳ ಸೆಳೆತ, ಗೊಂದಲ ಒಟ್ಟಿಗೆ ಬಂದರೆ ಸೆರೊಟೋನಿನ್ ಅತಿಯಾಗಿರಬಹುದು, ಅದು ತುರ್ತು ಸ್ಥಿತಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ವಿದ್ಯುತ್ ಹರಿದಂಥ ಅನುಭವ, ಸಿಡುಕು ಬರುತ್ತವೆ. ಆದ್ದರಿಂದ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಹಳೆಯ ಟ್ರೈಸೈಕ್ಲಿಕ್ ಗುಂಪಿನ ಔಷಧಗಳು ಮಿತಿಮೀರಿದರೆ ಹೃದಯಕ್ಕೆ ಮಾರಕ, ಹಾಗಾಗಿ ಮನೆಗೆ ಒಮ್ಮೆಗೆ ಎಷ್ಟು ದಿನದ ಮಾತ್ರೆ ಕೊಡುತ್ತಿದ್ದೇವೆ ಎಂಬುದರ ಮೇಲೆ ಕಣ್ಣಿರಬೇಕು.

ಈಗ ನಾನು ಆರಂಭದಲ್ಲಿ ಸೂಚಿಸಿದ, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಹಂತಕ್ಕೆ ಬರುತ್ತೇನೆ. ಚಿಕಿತ್ಸೆ ಶುರುವಾದ ಮೇಲೆ ಎಲ್ಲ ಲಕ್ಷಣಗಳೂ ಒಟ್ಟಿಗೆ ಸುಧಾರಿಸುವುದಿಲ್ಲ. ಅನೇಕರಲ್ಲಿ ನಿದ್ರೆ, ಹಸಿವು, ಮೈಯ ಚಲನೆ, ಶಕ್ತಿ ಮೊದಲು ಮರಳುತ್ತವೆ. ಹತಾಶೆ ಮತ್ತು ತಾನು ವ್ಯರ್ಥವೆಂಬ ಭಾವ ಕರಗಲು ಇನ್ನೂ ವಾರಗಳು ಹಿಡಿಯುತ್ತವೆ. ಈ ನಡುವಿನ ಅವಧಿಯಲ್ಲಿ ಸಾಯುವ ಯೋಚನೆ ಹಾಗೆಯೇ ಇದ್ದು, ಅದನ್ನು ಕಾರ್ಯಕ್ಕಿಳಿಸುವ ಶಕ್ತಿ ಮರಳಿ ಬಂದಿರುತ್ತದೆ. ತೀರಾ ಕುಗ್ಗಿ ಮಲಗಿದ್ದವರು ಎದ್ದು ಓಡಾಡತೊಡಗಿದಾಗ ವಾರ್ಡಿನವರೆಲ್ಲ ಉಸಿರುಬಿಡುತ್ತಾರೆ, ಬಂಧುಗಳು ಮನೆಗೆ ಕರೆದೊಯ್ಯುವ ಮಾತೆತ್ತುತ್ತಾರೆ, ನಿಗಾ ಸಡಿಲಗೊಳ್ಳುತ್ತದೆ. ನಿಗಾ ಹೆಚ್ಚಬೇಕಾದದ್ದು ಆಗಲೇ. ಔಷಧ ಆರಂಭಿಸಿದ ಮತ್ತು ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಮಕ್ಕಳ, ಹದಿಹರೆಯದವರ ಮೇಲೆ ವಿಶೇಷ ಗಮನವಿಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ನೀಡಿ, 2007ರಲ್ಲಿ ಅದನ್ನು 24 ವರ್ಷದವರೆಗಿನವರಿಗೂ ವಿಸ್ತರಿಸಿತು.

ಇದಕ್ಕೂ ಮಿಗಿಲಾಗಿ ಗಮನಿಸಬೇಕಾದದ್ದು ಹಠಾತ್ತನೆ ಬರುವ ಶಾಂತಿ. ನಿನ್ನೆಯವರೆಗೆ ಸಂಕಟದಲ್ಲಿದ್ದವರು ಕಾರಣವಿಲ್ಲದೆ ಒಂದೇ ದಿನದಲ್ಲಿ ನಿರಾಳವಾಗಿ ಕಾಣುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಹಣಕಾಸಿನ ಕಾಗದಗಳನ್ನು ಓರಣಗೊಳಿಸುವುದು, ಎಲ್ಲರಿಗೂ ಧನ್ಯವಾದ ಹೇಳುತ್ತ ಬರುವುದು ಸುಧಾರಣೆಯೂ ಆಗಿರಬಹುದು, ತೀರ್ಮಾನವೊಂದಕ್ಕೆ ಬಂದುದರ ನೆಮ್ಮದಿಯೂ ಆಗಿರಬಹುದು. ಹೊರಗಿನಿಂದ ನೋಡಿ ಹೇಳಲು ಬಾರದು, ಕೇಳಿಯೇ ತಿಳಿಯಬೇಕು. "ನಿನ್ನೆಗಿಂತ ಇವತ್ತು ಬೇರೆಯಾಗಿ ಕಾಣುತ್ತಿದ್ದೀರಿ. ಏನು ಬದಲಾಯಿತು?" ಎಂಬ ಪ್ರಶ್ನೆ ಇಲ್ಲಿ ಬಹಳ ಬೆಲೆಯುಳ್ಳದ್ದು. ಇನ್ನೊಂದು ಬಗೆಯ ಬದಲಾವಣೆಯೂ ಇದೆ. ಎರಡು ಮೂರು ಗಂಟೆ ಮಾತ್ರ ನಿದ್ರಿಸಿದರೂ ದಣಿವಿಲ್ಲ, ಮಾತು ನಿಲ್ಲದು, ದೊಡ್ಡ ದೊಡ್ಡ ಯೋಜನೆಗಳು. ಇದು ಖಿನ್ನತೆ ಇಳಿದದ್ದಲ್ಲ, ಉನ್ಮಾದ ಏರುತ್ತಿರುವುದು. ಖಿನ್ನತೆ ಎಂದು ತಿಳಿದದ್ದು, ಖಿನ್ನತೆಯೂ ಉನ್ಮಾದವೂ ಬೇರೆಬೇರೆ ಕಾಲದಲ್ಲಿ ಬರುವ ದ್ವಿಧ್ರುವ ಕಾಯಿಲೆಯಾಗಿದ್ದಾಗ ಖಿನ್ನತೆಯ ಔಷಧದಿಂದ ಹೀಗಾಗುವುದುಂಟು. ಮೊದಲು ಕಾಣುವುದು ಸಾಮಾನ್ಯವಾಗಿ ರಾತ್ರಿ ಪಾಳಿಯ ನಿದ್ರೆಯ ದಾಖಲೆಯಲ್ಲಿ.

ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸಿ ಸೆಳವು ಬರಿಸುವ ವಿದ್ಯುತ್ ಚಿಕಿತ್ಸೆಯ (ಇಸಿಟಿ) ಬಗ್ಗೆ ಜನರಲ್ಲಿರುವ ಚಿತ್ರ ಬಹುಮಟ್ಟಿಗೆ ಹಳೆಯದು. 1938ರಲ್ಲಿ ರೋಮ್‌ನಲ್ಲಿ ಇಟಲಿಯ ವೈದ್ಯರಾದ ಚೆರ್ಲೆಟ್ಟಿ ಮತ್ತು ಬಿನಿ ಇದನ್ನು ಮೊದಲು ಪ್ರಯೋಗಿಸಿದಾಗ ಅರಿವಳಿಕೆ ಇರಲಿಲ್ಲ. ಇವತ್ತು ಅರಿವಳಿಕೆ ಮತ್ತು ಸ್ನಾಯು ಸಡಿಲಗೊಳಿಸುವ ಔಷಧ ಕೊಟ್ಟೇ ಮಾಡಲಾಗುತ್ತದೆ, ಸಾಮಾನ್ಯವಾಗಿ ವಾರಕ್ಕೆ ಎರಡು ಮೂರರಂತೆ ಆರರಿಂದ ಹನ್ನೆರಡು ಬಾರಿ. ಅನ್ನನೀರು ಬಿಟ್ಟವರಿಗೆ, ಭ್ರಮೆಗಳಿರುವ ಖಿನ್ನತೆಗೆ, ಆತ್ಮಹತ್ಯೆಯ ತೀವ್ರ ಅಪಾಯವಿರುವವರಿಗೆ ಇದು ಬೇಗ ಫಲ ಕೊಡುವ ಚಿಕಿತ್ಸೆ. ಒಪ್ಪಿಗೆ ಪತ್ರ, ಹೊಟ್ಟೆ ಖಾಲಿಯಿರುವುದು, ಕೃತಕ ಹಲ್ಲು ತೆಗೆಸುವುದು, ಮೂತ್ರ ಮಾಡಿಸುವುದು ಮುಂಚಿನ ಕೆಲಸಗಳು. ಆಮೇಲೆ ಪಕ್ಕಕ್ಕೆ ಮಲಗಿಸಿ ಉಸಿರಾಟ, ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ ನೋಡುತ್ತಿರಬೇಕು. ಎಚ್ಚರವಾದಾಗ ಗೊಂದಲವಿರುತ್ತದೆ. ತಮ್ಮ ಹೆಸರು, ಇರುವ ಜಾಗ, ನಡೆದದ್ದೇನು ಎಂಬುದನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವವರೊಬ್ಬರು ಹತ್ತಿರವಿರಬೇಕು. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಸುಕಾಗುವುದು ನಿಜ, ಬಹುಪಾಲು ಅದು ಮರಳುತ್ತದೆ, ಕೆಲವರಿಗೆ ಕೆಲವು ನೆನಪುಗಳು ಮರಳದೆಯೂ ಇರಬಹುದು. ಈ ಎರಡನೆಯ ಭಾಗವನ್ನು ಮುಚ್ಚಿಡಬಾರದು.

ವಯಸ್ಸಾದವರಲ್ಲಿ ಖಿನ್ನತೆ ದುಃಖವಾಗಿ ಕಾಣದೆ ಮೈಕೈ ನೋವಾಗಿ, ಮರೆವಾಗಿ ಕಾಣಬಹುದು. ಖಿನ್ನತೆಯ ಮರೆವಿರುವವರು ಯತ್ನಿಸದೆಯೇ "ಗೊತ್ತಿಲ್ಲ" ಎನ್ನುತ್ತ ತಮ್ಮ ಮರೆವನ್ನೇ ಎತ್ತಿ ಹೇಳುವುದು ಹೆಚ್ಚು. ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಇರುವವರು ತಪ್ಪು ಉತ್ತರ ಕೊಟ್ಟಾದರೂ ಮುಚ್ಚಿಕೊಳ್ಳಲು ನೋಡುತ್ತಾರೆ. ಬಾಣಂತಿಯರಿಗೆ 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳಿವೆ. ಅವರಲ್ಲಿ ತಮ್ಮ ಪ್ರಾಣದ ಬಗ್ಗೆ ಮಾತ್ರವಲ್ಲದೆ ಮಗುವಿನ ಬಗ್ಗೆ ಬರುವ ಆಲೋಚನೆಗಳನ್ನೂ ದೂಷಣೆಯ ಸುಳಿವಿಲ್ಲದ ದನಿಯಲ್ಲಿ ಕೇಳಬೇಕು.

ಮನೆಗೆ ಕಳಿಸುವ ದಿನವನ್ನು ಆರೈಕೆ ಮುಗಿದ ದಿನವೆಂದು ನಾವು ಭಾವಿಸುವುದು ದೊಡ್ಡ ತಪ್ಪು. ಆಸ್ಪತ್ರೆಯಿಂದ ಹೊರಬಿದ್ದ ಮೊದಲ ವಾರ ಮತ್ತು ನಂತರದ ಎರಡು ಮೂರು ತಿಂಗಳು ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಅವಧಿ. ಮುಂದಿನ ಭೇಟಿ ತಿಂಗಳ ನಂತರ ಎಂದು ಚೀಟಿ ಬರೆದುಕೊಟ್ಟರೆ ಸಾಲದು. ಎರಡು ಮೂರು ದಿನದೊಳಗೆ ದೂರವಾಣಿಯಲ್ಲಾದರೂ ಮಾತನಾಡಬೇಕು, ಕರೆ ಮಾಡುವವರು ರೋಗಿಗೆ ಪರಿಚಿತರಾಗಿದ್ದರೆ ಉತ್ತಮ. ಮನೆಯವರನ್ನು ಬೇರೆಯಾಗಿ ಕೂರಿಸಿ ಹೇಳಬೇಕಾದ ಸಂಗತಿಗಳಿವೆ. ಇದು ಸೋಮಾರಿತನವಲ್ಲ, ಬೈದರೂ ಮುದ್ದಿಸಿದರೂ ಹೋಗುವಂಥದ್ದಲ್ಲ. ಮಾತ್ರೆಗಳು ಒಬ್ಬರ ವಶದಲ್ಲಿರಲಿ. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಔಷಧ ಮುಂದುವರಿಯಬೇಕು, ಮರುಕಳಿಸಿದ ಇತಿಹಾಸವಿದ್ದರೆ ಇನ್ನೂ ಹೆಚ್ಚು. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಬರುವುದರಿಂದ, ಈ ಸಲ ಅದು ಹೇಗೆ ಶುರುವಾಯಿತು ಎಂಬುದನ್ನು ರೋಗಿ ಮತ್ತು ಮನೆಯವರ ಜೊತೆ ಕುಳಿತು ಬರೆದಿಟ್ಟುಕೊಂಡರೆ ಮುಂದಿನ ಸಲ ಒಂದೆರಡು ವಾರ ಮೊದಲೇ ಎಚ್ಚರಗೊಳ್ಳಬಹುದು. ಒಬ್ಬರಲ್ಲಿ ಅದು ನಸುಕಿನ ಎಚ್ಚರದಿಂದ, ಇನ್ನೊಬ್ಬರಲ್ಲಿ ದೂರವಾಣಿ ಕರೆಗಳಿಗೆ ಉತ್ತರಿಸದಿರುವುದರಿಂದ ಶುರುವಾಗಿರುತ್ತದೆ.

ಕೊನೆಯದಾಗಿ ಶುಶ್ರೂಷಕರ ಬಗ್ಗೆ. ಹತಾಶೆ ಅಂಟುವಂಥದ್ದು. ದಿನಗಟ್ಟಲೆ ಯಾವ ಪ್ರತಿಕ್ರಿಯೆಯೂ ಬಾರದ ರೋಗಿಯ ಬಳಿ ಕೂತವರಿಗೆ ಮೊದಲು ಮರುಕ, ಆಮೇಲೆ ಅಸಹಾಯಕತೆ, ಆಮೇಲೆ ಒಳಗೊಳಗೇ ಸಿಟ್ಟು ಬರುವುದು ಸಹಜ. ಆ ಸಿಟ್ಟು ದಾಖಲೆಯಲ್ಲಿ "ರೋಗಿ ಸಹಕರಿಸುತ್ತಿಲ್ಲ" ಎಂಬ ವಾಕ್ಯವಾಗಿ ಹೊರಬರುತ್ತದೆ. ಇದಕ್ಕೆ ಮದ್ದು ಸಹೋದ್ಯೋಗಿಗಳ ಜೊತೆಗಿನ, ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ನಿಯಮಿತವಾಗಿ ನಡೆಯುವ ಮುಕ್ತ ಚರ್ಚೆ, ಮತ್ತು ತೀವ್ರ ಸ್ಥಿತಿಯ ರೋಗಿಗಳು ಒಬ್ಬರ ಪಾಲಿಗೇ ಬೀಳದಂತೆ ಕೆಲಸ ಹಂಚುವುದು. ವಾರ್ಡಿನ ಮುಖ್ಯಸ್ಥರಿಗೆ ನನ್ನದೊಂದು ಕೋರಿಕೆಯಿದೆ. ಇಂಜೆಕ್ಷನ್ನಿಗೆ, ರಕ್ತದೊತ್ತಡ ನೋಡುವುದಕ್ಕೆ, ದಾಖಲೆ ಬರೆಯುವುದಕ್ಕೆ ಕರ್ತವ್ಯಪಟ್ಟಿಯಲ್ಲಿ ಸಮಯವಿದೆ, ರೋಗಿಯ ಪಕ್ಕ ಕೂರುವುದಕ್ಕೆ ಇಲ್ಲ. ಅದನ್ನು ಹೆಸರು ಮತ್ತು ಗಂಟೆಯ ಸಮೇತ ಪಟ್ಟಿಯಲ್ಲಿ ಬರೆಯಿರಿ, ಆ ಹೊತ್ತಿನಲ್ಲಿ ಆ ನರ್ಸ್ ಅನ್ನು ಬೇರೆ ಕೆಲಸಕ್ಕೆ ಕರೆಯಬೇಡಿ. ನಸುಕಿನ ನಾಲ್ಕರಿಂದ ಆರರವರೆಗಿನ ಎರಡು ಗಂಟೆಗಳಿಂದ ಆರಂಭಿಸಬಹುದು.